ಕೊನೆಮನೆಯ ಒಪ್ಪಿಗೆ

ನಮ್ಮೂರಿನಲ್ಲಿ ದನಿ ಇಳಿಯುತ್ತದೆ. ಮೇಲಿನ ಮನೆಯಲ್ಲಿ ತಟ್ಟೆ ಬಿದ್ದರೆ ಅದರ ಸದ್ದು ಹೊಸ್ತಿಲು ದಾಟಿ, ಗುಡ್ಡದ ಮೆಟ್ಟಿಲಿಂದ ಮೆಟ್ಟಿಲಿಗೆ ಹರಿದು, ಕೊನೆಗೆ ನಮ್ಮ ಬಾಗಿಲ ಮುಂದೆ ಬಂದು ಕೂರುತ್ತದೆ. ನಮ್ಮದು ಕೊನೆಮನೆ. ನಮ್ಮಿಂದ ಮುಂದಕ್ಕೆ ಕೆರೆ. ಊರಿನ ಮಾತೆಲ್ಲ ಕಡೆಗೆ ಬಂದು ಬೀಳುವುದು ಆ ಕೆರೆಗೆ. ಅಲ್ಲಿಯ ಮೀನು ಗಾಳಕ್ಕೆ ಸಿಕ್ಕುವುದಿಲ್ಲ, ಅಷ್ಟೆಲ್ಲ ಕೇಳಿ ಕೇಳಿ ಜಾಣವಾಗಿಬಿಟ್ಟಿವೆ ಎಂದು ನಮ್ಮ ಕೇರಿಯವರು ನಗುತ್ತಾರೆ.

ದಪ್ಪ ದನಿ ಬೇಗ ಇಳಿಯುತ್ತದೆ, ತೆಳ್ಳನೆಯದು ಸ್ವಲ್ಪ ತಡೆದು. ಹಾಗಾಗಿ ಮೇಲಿನ ಬೀದಿಯ ಗಂಡಸರು ಎಷ್ಟು ಗಡಸಾಗಿ ಗದರಿದರೂ ಅವರ ಮನೆಯೊಳಗೆ ಅದು ಪೀಚಾಗಿಯೇ ಕೇಳುತ್ತದಂತೆ. ಅವರ ಗಡಸುತನವೆಲ್ಲ ನಮ್ಮ ಪಾಲಿಗೆ. ಮೇಲಿನವರು ಮೊಣಕಾಲೆತ್ತರ ಹೊಸ್ತಿಲು ಕಟ್ಟಿಸಿಕೊಳ್ಳುತ್ತಾರೆ, ಒಳಗಿನ ಮಾತು ಒಳಗೇ ಒಂದು ಗಳಿಗೆ ನಿಲ್ಲಲಿ ಅಂತ. ಮನಸಾರೆ ಜಗಳವಾಡಬೇಕೆನಿಸಿದ ಗಂಡ ಹೆಂಡತಿ ಕೆರೆಯ ದಡಕ್ಕೆ ಇಳಿದು ಬರುತ್ತಾರೆ. ಬರುವಾಗ ಕೈಯಲ್ಲೊಂದು ಚೀಲ ಹಿಡಿದಿರುತ್ತಾರೆ, ಸೊಪ್ಪು ಕೊಳ್ಳಲು ಬಂದವರ ಹಾಗೆ. ಕೆಳಗಿನ ದನಿ ಮಾತ್ರ ಮೇಲೆ ಹತ್ತುವುದಿಲ್ಲ. ಮೇಲಿನಿಂದ ಯಾರಾದರೂ "ಹಿಟ್ಟು ಬೀಸಾಯ್ತಾ?" ಎಂದು ಕೇಳಿದರೆ ನಾವು ಬಟ್ಟೆ ಎತ್ತಿ ತೋರಿಸಬೇಕು. ಬಿಳಿ ಬಟ್ಟೆ ಎಂದರೆ ಹೂಂ, ಕೆಂಪು ಎಂದರೆ ಊಹೂಂ. ಕೇರಿಯ ಪ್ರತಿ ಮನೆಯ ಬಾಗಿಲ ಹಿಂದೆ ಈ ಎರಡು ಬಟ್ಟೆ ನೇತಾಡುತ್ತಿರುತ್ತವೆ.

ಇಷ್ಟೆಲ್ಲ ಕೇಳುವ ಕೇರಿ ಬದುಕಿಕೊಂಡು ಬಂದಿರುವುದು ಒಂದೇ ಒಂದು ನಡವಳಿಕೆಯಿಂದ. ನಾವು ಕೇಳಿದ್ದನ್ನು ಹೇಳುವುದಿಲ್ಲ. ಮಗುವಿಗೆ ನಾಲ್ಕು ತುಂಬಿದ ದಿನ ಅದನ್ನು ಹೊಸ್ತಿಲ ಮೇಲೆ ಕೂರಿಸಿ ಬಾಯಿಗೆ ಬೆಲ್ಲದ ಚೂರು ಇಡುತ್ತೇವೆ. ಬೆಲ್ಲ ಕರಗುವುದರೊಳಗೆ ಮನೆಯ ಹಿರಿಯರು ಮೂರು ಸಲ "ಕೇಳಿಸ್ತಾ?" ಎಂದು ಕೇಳುತ್ತಾರೆ. ಮಗು ಮೂರು ಸಲವೂ "ಕೇಳಿಸಲಿಲ್ಲ" ಎನ್ನಬೇಕು. ಅಲ್ಲಿಂದಾಚೆಗೆ ತನಗೆಂದು ಆಡಿದ ಮಾತಿಗಷ್ಟೇ ಅದು ಕಿವಿಗೊಡುತ್ತದೆ. ಮಿಕ್ಕದ್ದನ್ನು ಯಾರು ಕೇಳಿದರೂ, ದೇವರೇ ಬಂದು ಕೇಳಿದರೂ, ಕೇಳಿಸಲಿಲ್ಲ. ನನ್ನ ಮಗಳು ಪಾರಿಜಾತ, ನಾವು ಪಾರಿ ಅನ್ನುತ್ತೇವೆ, ಅವತ್ತು ಮೂರು ಸಲ ಹೇಳಿ ಮುಗಿಸಿ, ಇನ್ನೊಂದು ಚೂರು ಬೆಲ್ಲ ಕೊಟ್ಟರೆ ನಾಲ್ಕನೇ ಸಲವೂ ಹೇಳ್ತೀನಿ ಅಂದಿದ್ದಳು.

ನನ್ನ ಕಥೆ ಬೇರೆ. ನಾನು ಹದಿನೇಳು ವರ್ಷದಿಂದ ಹಿಟ್ಟಿನ ಗಿರಣಿಯಲ್ಲಿದ್ದೇನೆ. ಬೆಳಿಗ್ಗೆ ಆರಕ್ಕೆ ಬೆಲ್ಟ್ ತಿರುಗಿಸಿದರೆ ಸಂಜೆ ಏಳರವರೆಗೆ ರಾಗಿ, ಗೋಧಿ, ಮೆಣಸಿನಕಾಯಿ ಸುರಿಯುತ್ತಲೇ ಇರಬೇಕು. ಆ ಗಿರಣಿ ನನ್ನ ಕಿವಿಯನ್ನೂ ಬೀಸಿಬಿಟ್ಟಿದೆ. ಎದುರಿಗೆ ನಿಂತು, ಮುಖ ತೋರಿಸಿ, ಗಟ್ಟಿಯಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಕೇರಿಯವರೆಲ್ಲ ಸುಳ್ಳಾಗಿ ಹೇಳುವ ಮಾತನ್ನು ನಿಜವಾಗಿ ಹೇಳುವವಳು ನಾನೊಬ್ಬಳೇ. ಪಾರಿಯ ಅಪ್ಪ ಲಾರಿಯ ಮೇಲೆ ತಿಂಗಳಿಗೊಮ್ಮೆ ಬಂದು ಹೋಗುವ ಮನುಷ್ಯ. ಮನೆಯಲ್ಲಿ ನನ್ನ ಕಿವಿ ಎಂದರೆ ಅವಳೇ.

ಪಾರಿ ನಮ್ಮ ಕೇರಿಯಿಂದ ಮೇಲಿನ ಶಾಲೆಗೆ ಹೋದ ಮೊದಲ ಮಗು. ಶಾಲೆ ಗುಡ್ಡದ ಆಚೆ ಮಗ್ಗುಲಿಗಿದೆ, ಅಲ್ಲಿಯ ದನಿ ಬೇರೆ ಕಡೆ ಇಳಿಯುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ಅವಳ ಹೆಸರು ಮೂರನೆಯದಾಗಿ ಬಂದಾಗ ಇಡೀ ಕೇರಿ ಬಿಳಿ ಬಟ್ಟೆ ಎತ್ತಿತ್ತು. ಆರನೇ ತರಗತಿಯ ಅರ್ಧ ವರ್ಷ ಮುಗಿಯುವ ಹೊತ್ತಿಗೆ ಶಾಲೆಯಿಂದ ಕಾಗದ ಬಂತು. ನಿಮ್ಮ ಮಗಳಿಗೆ ಶ್ರವಣದೋಷವಿದೆ, ಬಂದು ಕಾಣತಕ್ಕದ್ದು.

ಗಿರಣಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಹೆಡ್ ಮೇಡಂ ಸುಶೀಲಾಬಾಯಿಯವರು ನಮ್ಮೂರಿನವರಲ್ಲ. ವರ್ಗವಾಗಿ ಬಂದು ನಾಲ್ಕು ವರ್ಷ. ನಮ್ಮ ಮೆಟ್ಟಿಲು ಬೀದಿಯ ತುತ್ತತುದಿಯ ಮನೆಯನ್ನು ಕೊಂಡು, ನಿವೃತ್ತಿಯಾದ ಮೇಲೂ ಇಲ್ಲೇ ಇರುತ್ತೇನೆ ಅಂದವರು. ಒಬ್ಬರೇ ಇದ್ದರು. ಕೆಟ್ಟವರಲ್ಲ. ಮಕ್ಕಳ ಉಗುರು ಕೊಳಕಾಗಿದ್ದರೆ ತಾವೇ ಕತ್ತರಿಸುವವರು.

"ನೋಡಿ ಚೌಡಮ್ಮ, ಮುಖಕ್ಕೆ ಮುಖ ಕೊಟ್ಟು ಕೇಳಿದ್ರೆ ಟಕ್ಕಂತ ಉತ್ತರ ಹೇಳ್ತಾಳೆ. ಪಕ್ಕದ ಹುಡುಗಿ ಏನಂದ್ಲು ಅಂತ ಕೇಳಿದ್ರೆ ಕೇಳಿಸಲಿಲ್ಲ ಅಂತಾಳೆ. ಹಿಂದಿನ ಬೆಂಚಿನವರು ಏನು ಮಾತಾಡ್ಕೊಂಡ್ರು ಅಂದ್ರೆ ಕೇಳಿಸಲಿಲ್ಲ. ಮಗು ತುಟಿ ಓದ್ತಿದೆ. ನಿಮ್ಮ ಥರಾನೇ."

ನಾನೂ ಆಗ ಅವರ ತುಟಿಯನ್ನೇ ನೋಡುತ್ತಿದ್ದೆ.

"ಬೇಕಾದ್ರೆ ನಿಮ್ಮೆದುರಿಗೇ ನೋಡೋಣ" ಎಂದು ಅವರು ಎದ್ದು ನಾನೂ ಪಾರಿಯೂ ಕೂತಿದ್ದ ಕುರ್ಚಿಗಳ ಹಿಂದೆ ಹೋದರು. ಅಲ್ಲಿ ಗಣಿತದ ಮೇಷ್ಟ್ರು ಗುರುನಂಜಪ್ಪ ನಿಂತಿದ್ದರು. ಹಿಂದೆ ಇಬ್ಬರೂ ಏನೋ ಮಾತಾಡಿಕೊಂಡರು ಎಂದು ಕಾಣುತ್ತದೆ. ನನಗೆ ಗೊತ್ತಾಗಿದ್ದು ಪಾರಿಯ ಮುಖದಿಂದ. ಅವಳ ಕಿವಿ ಕೆಂಪಗಾಯಿತು. ಕೆಳದುಟಿ ಒಳಕ್ಕೆ ಹೋಯಿತು. ಮೇಡಂ ತಿರುಗಿ ನಮ್ಮೆದುರಿಗೆ ಬಂದು ಬಗ್ಗಿ ನಿಂತರು.

"ಈಗ ಹೇಳು ಪುಟ್ಟ. ನಾನು ಮೇಷ್ಟ್ರ ಹತ್ರ ಏನಂದೆ? ಕೇಳಿಸ್ತಾ?"

ಪಾರಿ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಅವರ ಮುಖ ನೋಡಿ, "ಕೇಳಿಸಲಿಲ್ಲ, ಮೇಡಂ" ಅಂದಳು.

ಮೇಡಂ ನನ್ನತ್ತ ಕನಿಕರದಿಂದ ಕೈ ಚಾಚಿದರು. ಪಕ್ಕದ ಊರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಇದೆ, ಹಾಸ್ಟೆಲು ಇದೆ, ಈ ತಿಂಗಳ ಕೊನೆಗೆ ವರ್ಗಾವಣೆ ಪತ್ರ ಬರೆದುಕೊಡುತ್ತೇನೆ, ಯೋಚನೆ ಮಾಡಬೇಡಿ ಅಂದರು. ನನ್ನ ಬಾಯಿಯ ತುದಿಗೆ ಬಂದಿತ್ತು. ಅವಳಿಗೆ ಕೇಳುತ್ತೆ ಮೇಡಂ, ನಮಗೆಲ್ಲ ಕೇಳುತ್ತೆ, ಹೇಳಬಾರದು ಅಂತ ಬೆಲ್ಲ ಇಟ್ಟು ಕಲಿಸಿದವಳು ನಾನೇ. ಆದರೆ ಹಾಗಂದರೆ ಅವರು ಬಿಡುತ್ತಿದ್ದರೇ? ಹಾಗಾದರೆ ಏನಂದೆ ಹೇಳಲಿ ಎನ್ನುತ್ತಿದ್ದರು. ಮಗು ಬಾಯಿ ಬಿಟ್ಟಿದ್ದರೆ ಮಾರನೇ ದಿನದಿಂದ ಮೇಲಿನ ಬೀದಿಯ ಒಂದೊಂದು ಕಿಟಕಿಯೂ ಮುಚ್ಚಿಕೊಳ್ಳುತ್ತಿತ್ತು. ಈ ಊರು ಮಲಗಿ ಏಳುತ್ತಿರುವುದು ನಮ್ಮ ಬಾಯಿಯ ಮೇಲಿನ ನಂಬಿಕೆಯಿಂದ. ನಾನು ಸುಮ್ಮನೆ ಎದ್ದು ಬಂದೆ.

ದಾರಿಯಲ್ಲಿ ಪಾರಿ ಕೇಳಿದಳು. "ಅಮ್ಮ, ನಾನು ಸರಿಯಾಗೇ ಹೇಳಿದ್ನಲ್ವಾ?"

"ಸರಿಯಾಗೇ ಹೇಳಿದೆ" ಅಂದೆ. ಅವಳ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದೆ. ನೂರಾ ಅರವತ್ತೆರಡು ಮೆಟ್ಟಿಲು.

ಆ ವಾರವೇ ಅಮಾನುಲ್ಲಾ ಸಾಬರು ಗಿರಣಿಗೆ ಬಂದರು. ನಡುಬೀದಿಯಲ್ಲಿ ಅವರದು ರೇಡಿಯೋ ಸ್ಪೀಕರ್ ಅಂಗಡಿ, ಅವರ ಅಜ್ಜನ ಕಾಲದ್ದು. ಬಂದವರೇ ಬೆಲ್ಟ್ ನಿಲ್ಲಿಸಲು ಕೈಸನ್ನೆ ಮಾಡಿ ನನ್ನೆದುರಿಗೆ ನಿಂತರು.

"ಚೌಡಕ್ಕ, ಕೊನೆಮನೆ ಒಪ್ಪಿಗೆ ಬೇಕಾಗಿತ್ತು."

ನಮ್ಮೂರಿನಲ್ಲಿ ಮಿಕ್ಸಿಯಾಗಲಿ ಸ್ಪೀಕರ್ ಆಗಲಿ, ಸದ್ದಿನ ಸಾಮಾನು ತರುವವರು ತಮ್ಮ ಬೀದಿಯ ಕೊನೆಮನೆಯ ಒಪ್ಪಿಗೆ ಚೀಟಿ ತರಬೇಕು. ಸದ್ದಿನ ಭಾರವೆಲ್ಲ ಬಂದು ಬೀಳುವುದು ಅಲ್ಲಿಗೇ ಅಲ್ಲವೇ. ಮಾತಿನ ಬಗ್ಗೆ ನಾವು ಬಾಯಿ ಬಿಡುವ ಹಾಗಿಲ್ಲ, ಆದರೆ ದನಿ ಹೇಗಿದೆ ಅಂತ ಹೇಳುವ ಹಕ್ಕು ನಮಗಿದೆ. ಚೀಟಿಯ ಮೇಲೆ ಮೂರು ಸಾಲು ಇರುತ್ತದೆ. ತಂದವರು, ಸಾಮಾನು, ಕೇಳಿದವರು. ಎಷ್ಟೋ ವರ್ಷ ನಾನೇ ಬಿಳಿ ಬಟ್ಟೆ ಎತ್ತಿ ರುಜು ಹಾಕಿದ್ದೇನೆ. ಕೇಳಿಸಿತೋ ಬಿಟ್ಟಿತೋ ಯಾರೂ ವಿಚಾರಿಸಿರಲಿಲ್ಲ.

"ಯಾರ ಮನೆಗೆ ಸಾಬ್ರೇ?"

"ತುದಿಮನೆ ಹೆಡ್ ಮೇಡಂಗೆ. ಜೀವನವೆಲ್ಲ ಬಾಡಿಗೆ ರೂಮಲ್ಲಿ ಒಂದು ಟ್ರಾನ್ಸಿಸ್ಟರ್ ಇಟ್ಕೊಂಡು ಕಳೆದೋರಂತೆ. ಈಗ ಸ್ವಂತ ಮನೆ, ಒಂದು ಒಳ್ಳೇ ಸ್ಪೀಕರ್ ಜೋಡಿ ಬೇಕು. ಅವರ ತಂದೆ ವೀಣೆ ನುಡಿಸ್ತಿದ್ರಂತೆ, ಅದರ ರೆಕಾರ್ಡು ಇದೆ, ಆ ವೀಣೆ ಆ ಮನೇಲಿ ಕೇಳಬೇಕು. ಎಂಟು ತಿಂಗಳಿಂದ ನನ್ನ ಪ್ರಾಣ ತಿಂತಿದಾರೆ, ಚೌಡಕ್ಕ. ಎರಡು ಮಾಡೆಲ್‌ಗೆ ಇಳಿಸಿದೀನಿ, ಮೂರನೇದು ತೋರಿಸಿದ್ರೆ ನನ್ನನ್ನೇ ಹೂಳ್ತೀನಿ ಅಂತ ನನ್ನ ಹೆಂಡ್ತಿ ಹೇಳಿದಾಳೆ. ಒಂದು ನನ್ನ ಎದೆಮಟ್ಟ ಬರೋ ಕಂಬದಂಥ ಜೋಡಿ, ಒಂದೊಂದರಲ್ಲೂ ದಪ್ಪ ದನಿಗೆ ಮೂರು ವೂಫರ್ರು. ಇನ್ನೊಂದು ಪುಟ್ಟ ಪೆಟ್ಟಿಗೆ ಜೋಡಿ, ಸ್ಟ್ಯಾಂಡ್ ಮೇಲೆ ಕೂರೋದು, ತೆಳ್ಳನೆ ದನಿಗೆ ರೇಷ್ಮೆಯ ಟ್ವೀಟರ್ರು. ಸೋಮವಾರ ಕಂಬ ಅಂತಾರೆ, ಗುರುವಾರ ಪೆಟ್ಟಿಗೆ ಅಂತಾರೆ. ಭಾನುವಾರ ಎರಡೂ ಹೊತ್ಕೊಂಡು ಹೋಗಿ ಅಲ್ಲೇ ನುಡಿಸ್ತೀನಿ. ನೀನು ಕಂಬಕ್ಕೆ ಕೆಂಪು, ಪೆಟ್ಟಿಗೆಗೆ ಬಿಳಿ ಎತ್ತಿಬಿಡು. ಕಂಬದ ತೂಕ ನಿಮ್ಮನೆ ತಡೆಯಲ್ಲ. ವಿಷಯ ಮುಗಿಯತ್ತೆ, ನಾನೂ ಬದುಕ್ಕೋತೀನಿ."

ನನಗೆ ಅವತ್ತು ಏನಾಯಿತೋ. ಕೈಗೆ ಅಂಟಿದ್ದ ಹಿಟ್ಟನ್ನು ಸೀರೆಗೆ ಒರೆಸಿಕೊಂಡೆ. "ನಾನು ಎತ್ತಲ್ಲ ಸಾಬ್ರೇ. ನನಗೆ ಕೇಳಲ್ಲ, ನಿಮಗೂ ಗೊತ್ತು. ಈ ಸಲ ನನ್ನ ಮಗಳು ಕೇಳ್ತಾಳೆ. ಚೀಟಿ ಮೇಲೆ ಅವಳ ಹೆಸರೇ ಬರೀಬೇಕು."

ಸಾಬರು ಗಡ್ಡ ಕೆರೆದುಕೊಂಡರು. ಶಾಲೆಯ ಕಾಗದದ ವಿಷಯ ನಡುಬೀದಿಗೂ ಮುಟ್ಟಿತ್ತು.

"ಮೇಡಂ ಒಪ್ತಾರಾ?"

"ಕೊನೆಮನೆಯಿಂದ ಯಾರು ಕೇಳಬೇಕು ಅನ್ನೋದು ಕೊನೆಮನೆಯವರಿಗೆ ಬಿಟ್ಟಿದ್ದು. ನಿಮ್ಮಜ್ಜ ಬರೆಸಿದ ಕಟ್ಟಳೆಯಲ್ಲೇ ಇದೆ."

"ಹೌದು ಮಾರಾಯ್ತಿ, ಇದೆ" ಎಂದು ನಕ್ಕು ಹೋದರು.

ಭಾನುವಾರ ಗಿರಣಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ಪಾರಿ ತಲೆ ಬಾಚಿಕೊಂಡು, ಶಾಲೆಯ ಲಂಗ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಬಲಗೈಯಲ್ಲಿ ಬಿಳಿ ಬಟ್ಟೆ, ಎಡಗೈಯಲ್ಲಿ ಕೆಂಪು. ನಾನು ಅವಳ ಕಾಲ ಬಳಿ ಹೊಸ್ತಿಲ ಕಲ್ಲಿನ ಮೇಲೆ ಕೂತೆ. ಕೇರಿಯ ಹೆಂಗಸರು ತಂತಮ್ಮ ಬಾಗಿಲಿಗೆ ಬಂದರು. ಪಕ್ಕದ ಮನೆಯ ಸಣ್ಣಕ್ಕ, ನನಗಿಂತ ಇಪ್ಪತ್ತು ವರ್ಷ ಹಿರಿಯಳು, ಎಲೆ ಅಡಿಕೆ ಚೀಲ ಸಮೇತ ಬಂದು ನನ್ನ ಪಕ್ಕ ಕೂತು, ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಕಂಬಕ್ಕೆ ಬಿಳಿ ಗಿಳಿ ಎತ್ತಿಸೀಯೆ, ನಮ್ಮ ಹಂಚು ಉಳಿಯಲ್ಲ" ಅಂದಳು.

"ಅಮ್ಮ, ಸಾಬರು ಕೂಗಿದ್ರು. ಮೊದಲು ಕಂಬ ಅಂತೆ" ಅಂದಳು ಪಾರಿ. ಇದು ನಮಗೆಂದು ಕೂಗಿದ್ದು, ಹೇಳಬಹುದು.

ಸ್ವಲ್ಪ ಹೊತ್ತು ನನಗೆ ಏನೂ ತಿಳಿಯಲಿಲ್ಲ. ಬೀದಿಯ ಮುಖಗಳು ಮಾತ್ರ ಬದಲಾದವು. ಒಬ್ಬಳ ತಲೆ ತೂಗಿತು. ಇನ್ನೊಬ್ಬಳ ಕಂಕುಳಲ್ಲಿದ್ದ ಕೂಸು ಅಳು ನಿಲ್ಲಿಸಿತು. ಆಮೇಲೆ ನನ್ನ ಅಂಗಾಲಿಗೆ ಏನೋ ತಾಗಿತು. ಹೊಸ್ತಿಲ ಕಲ್ಲಿನೊಳಗಿಂದ ಬಂದದ್ದು, ಮೆತ್ತಗೆ, ಬೆಕ್ಕು ತೊಡೆಯ ಮೇಲೆ ಮಲಗಿ ಗುರುಗುಟ್ಟಿದ ಹಾಗೆ. ನಾನು ಅಂಗೈಯನ್ನು ಕಲ್ಲಿನ ಮೇಲೆ ಊರಿದೆ. ಬಂತು, ಹೋಯಿತು, ಮತ್ತೆ ಬಂತು. ಗಿರಣಿಯದಲ್ಲದ ಒಂದು ದನಿ ನನ್ನ ಮೈಗೆ ತಾಗಿ ಎಷ್ಟು ವರ್ಷವಾಗಿತ್ತೋ. ತಲೆ ಎತ್ತಿದರೆ ಪಾರಿ ನನ್ನ ಅಂಗೈಯನ್ನೇ ನೋಡುತ್ತಿದ್ದಳು.

ಅವಳು ಬಟ್ಟೆ ಎತ್ತಿದಳು. ಎರಡನ್ನೂ ಎತ್ತಿದಳು, ಬಲಗೈಯ ಬಿಳಿ, ಎಡಗೈಯ ಕೆಂಪು, ಎರಡೂ ಒಟ್ಟಿಗೆ, ಕೈ ನೇರ ಮೇಲಕ್ಕೆ.

"ಅಯ್ಯೋ ಇದೇನೇ, ಹೂಂ ಅಂತಾನೋ ಊಹೂಂ ಅಂತಾನೋ?" ಎಂದು ಸಣ್ಣಕ್ಕ ಎದೆ ಮುಟ್ಟಿಕೊಂಡಳು.

"ಎರಡೂ, ಅಜ್ಜಿ."

ಪೆಟ್ಟಿಗೆಯನ್ನೂ ನುಡಿಸಿದರು. ನಾನು ಅಂಗೈ ಊರಿಕೊಂಡೇ ಇದ್ದೆ. ಕಲ್ಲು ಕಲ್ಲಾಗಿಯೇ ಇತ್ತು. ಪಾರಿ ಪೂರ್ತಿ ಕೇಳಿ ಬಿಳಿ ಬಟ್ಟೆ ಎತ್ತಿದಳು. ಎತ್ತಿದ್ದು ಅರ್ಧ ಮಾತ್ರ, ಭುಜದವರೆಗೆ. ಆಮೇಲೆ "ಮೇಲೆ ಬನ್ನಿ ಅಂತಿದಾರೆ ಅಮ್ಮ" ಅಂದಳು. ಮತ್ತೇನೋ ಕೇಳಿಸಿರಬೇಕು, ಅವಳ ಕೆಳದುಟಿ ಮತ್ತೆ ಒಳಕ್ಕೆ ಹೋಗಿತ್ತು. ನಾನು ಕೇಳಲಿಲ್ಲ.

ಹತ್ತಿದೆವು. ನನ್ನ ಮಂಡಿ ನೂರನೇ ಮೆಟ್ಟಿಲಿಗೇ ಸೋಲೊಪ್ಪಿತು. ಪಾರಿ ನಿಂತು ನಿಂತು ನನ್ನನ್ನು ಕರೆದೊಯ್ದಳು. ಮೇಡಂ ಮನೆಯ ಹಜಾರದಲ್ಲಿ ಎರಡು ಕರೀ ಕಂಬಗಳು ಮದುವೆ ಮನೆಯ ದ್ವಾರಪಾಲಕರ ಹಾಗೆ ನಿಂತಿದ್ದವು. ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆಗಳು. ಅಮಾನುಲ್ಲಾ ಸಾಬರು ನೆಲದ ಮೇಲೆ ತಂತಿಗಳ ನಡುವೆ ಕೂತಿದ್ದರು. ಮೇಡಂ ಕುರ್ಚಿಯಲ್ಲಿ. ಅವರ ಮಡಿಲಲ್ಲಿ ಹಳೆಯ ರೆಕಾರ್ಡಿನ ಲಕೋಟೆ ಇತ್ತು.

"ಎರಡೂ ಬಟ್ಟೆ ಎತ್ತಿದ್ಯಂತಲ್ಲ ಪುಟ್ಟ" ಎಂದರು ಮೇಡಂ, ನಿಧಾನವಾಗಿ, ತುಟಿಯನ್ನು ದೊಡ್ಡದಾಗಿ ತೆರೆದು. ಪಾರಿಗಾಗಿಯೇ ಹಾಗೆ ಮಾತಾಡುತ್ತಿದ್ದರು. ಅದರ ಲಾಭ ಆದದ್ದು ನನಗೆ. "ಗೊತ್ತಾಗ್ದೇ ಇದ್ರೆ ಗೊತ್ತಾಗ್ಲಿಲ್ಲ ಅನ್ನಬಹುದು. ಅದರಲ್ಲಿ ನಾಚಿಕೆ ಏನಿಲ್ಲ."

"ಗೊತ್ತಾಯ್ತು ಮೇಡಂ. ಬಲಗಡೆ ಕಂಬಕ್ಕೆ ಬಿಳಿ. ಎಡಗಡೆದಕ್ಕೆ ಕೆಂಪು."

ಮೇಡಂ ಸಾಬರ ಕಡೆ ನೋಡಿದರು. "ನೂರಾ ಅರವತ್ತು ಮೆಟ್ಟಿಲು ಕೆಳಗೆ ನಿಂತು ಎಡ ಬಲ ಗೊತ್ತಾಗತ್ತಾ ಸಾಬರೇ? ಇಲ್ಲಿ ಎದುರಿಗೆ ಕೂತ ನನಗೇ ಏನೂ ಗೊತ್ತಾಗಿಲ್ಲ. ಪಾಪ, ಮಗು ಊಹೆ ಮೇಲೆ ಎತ್ತಿದೆ. ಅದರ ತಪ್ಪಲ್ಲ."

ನನ್ನ ಮೈಯೆಲ್ಲ ಉರಿಯಿತು. ಹದಿನೇಳು ವರ್ಷ ಮೆಣಸಿನಕಾಯಿ ಬೀಸಿದರೂ ಅಂಥ ಉರಿ ಬಂದಿರಲಿಲ್ಲ. ಪಾರಿ ಮಾತ್ರ ಶಾಂತವಾಗಿ ಎಡಗಡೆಯ ಕಂಬದ ಹತ್ತಿರ ಹೋಗಿ, ಬಗ್ಗಿ, ಅದರ ಎಲ್ಲಕ್ಕಿಂತ ಕೆಳಗಿನ ದುಂಡನೆಯ ಜಾಗಕ್ಕೆ ಬೆರಳು ತೋರಿಸಿದಳು.

"ವೀಣೆಯ ದಪ್ಪ ತಂತಿ ಮೀಟ್ತಾರಲ್ಲ, ಎಲ್ಲದಕ್ಕಿಂತ ಕೆಳಗಿನ ಸ್ವರ, ಅದೊಂದಕ್ಕೆ ಮಾತ್ರ ಇಲ್ಲಿ ಏನೋ ಬಡಕೊಳ್ಳತ್ತೆ. ಮುಚ್ಚಳ ಸಡಿಲ ಇರೋ ಡಬ್ಬಿ ಥರ. ಸ್ವರ ನಿಂತ ಮೇಲೂ ಒಂಚೂರು ಟಿರ್ ಅನ್ನತ್ತೆ. ಮೂರು ಸಲ ಬಂತು. ಮೂರನೇ ಸಲ ನುಡಿಸೋರು ಅಲ್ಲೇ ಉಸಿರು ತಗೋತಾರೆ, ಅದರ ಮೇಲೇ ಬಿತ್ತು."

ಮೇಡಂ ಮಡಿಲಲ್ಲಿದ್ದ ಲಕೋಟೆಯನ್ನು ತಿರುಗಿಸಿ ನೋಡಿದರು. ಆ ಉಸಿರು ಅವರ ತಂದೆಯದು.

"ಬಿಚ್ಚಿ ನೋಡೋದಕ್ಕೆ ಕಾಸು ಖರ್ಚಿಲ್ಲವಲ್ಲ" ಎನ್ನುತ್ತಾ ಸಾಬರು ಸ್ಕ್ರೂಡ್ರೈವರ್ ತೆಗೆದರು. ಮುಂದಿನ ಜಾಲರಿ ಕಳಚಿ, ಕೆಳಗಿನ ವೂಫರ್ ಸುತ್ತ ಇದ್ದ ಎಂಟು ತಿರುಪುಗಳನ್ನು ಒಂದೊಂದಾಗಿ ಮುಟ್ಟಿದರು. ಆರನೆಯದರ ಹತ್ತಿರ ಕೈ ನಿಂತಿತು. ಅದನ್ನು ಸಾಬರು ಸ್ಕ್ರೂಡ್ರೈವರ್ ಹಾಕದೆ, ಬರಿ ಎರಡು ಬೆರಳಲ್ಲಿ ತಿರುಗಿಸಿ, ಹೊರಗೆ ತೆಗೆದು, ಅಂಗೈಯಲ್ಲಿಟ್ಟು ನಮ್ಮೆಲ್ಲರಿಗೂ ತೋರಿಸಿದರು. ಕೊತ್ತಂಬರಿ ಬೀಜದ ದಪ್ಪ ತಲೆಯ ತಿರುಪು.

"ಮೂವತ್ತು ವರ್ಷ ಇದೇ ಕಸುಬು. ಬೆಳಿಗ್ಗೆಯಿಂದ ಈ ಕಂಬದ ಮುಂದೇ ಕೂತಿದೀನಿ. ಆ ದಪ್ಪ ಸ್ವರ ನಮ್ಮ ಕಿವಿಗೆ ಬರೋಕೆ ಮುಂಚೆನೇ ಮೆಟ್ಟಿಲಿಳಿದು ಹೋಗ್ತಿದೆ, ನಮಗೆ ಹೇಗೆ ಗೊತ್ತಾಗ್ಬೇಕು" ಅಂದರು. ಆಮೇಲೆ ಅದನ್ನು ಬಿಗಿ ಮಾಡಿ, ಜಾಲರಿ ಹಾಕಿದರು.

ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ಕಣ್ಣು ಪಾರಿಯ ಕಿವಿಯ ಮೇಲಿತ್ತು, ಅಲ್ಲಿ ನಾನು ಬೇವಿನ ಕಡ್ಡಿ ಚುಚ್ಚಿಟ್ಟಿದ್ದೆ, ಓಲೆ ಇನ್ನೂ ಕೊಡಿಸಿರಲಿಲ್ಲ. ಕೊನೆಗೆ ಅವರು ಮಾತಾಡಿದ್ದು ಮಾಮೂಲಿ ವೇಗದಲ್ಲಿ. ನನಗೆ ತುಟಿ ಹಿಡಿಯುವುದು ಕಷ್ಟವಾಯಿತು.

"ಹಾಗಾದ್ರೆ ಪೆಟ್ಟಿಗೆ? ಅದಕ್ಕೆ ಬಿಳಿ ಎತ್ತಿದ್ಯಲ್ಲ."

"ಅದರಲ್ಲಿ ತಪ್ಪೇನಿಲ್ಲ ಮೇಡಂ. ಚೊಕ್ಕಟವಾಗಿದೆ. ಮೇಲಿನ ತಂತಿ ಬೆಳಗಿದ ಚೊಂಬಿನ ಥರ ಹೊಳೆಯತ್ತೆ. ಆದ್ರೆ ಹಿಂದೆ ತಂಬೂರಿ ಇದೆಯಲ್ಲ, ಅದಕ್ಕೆ ನಾಲ್ಕು ತಂತಿ. ಪೆಟ್ಟಿಗೇಲಿ ಮೂರು ಕೇಳತ್ತೆ, ದಪ್ಪನೆ ನಾಲ್ಕನೇದು ಇದೆ ಅಂತ ನಾವೇ ಅಂದ್ಕೋಬೇಕು. ಕಂಬದಲ್ಲಿ ನಾಲ್ಕೂ ಬೇರೆ ಬೇರೆ ಬರತ್ತೆ. ಅದಕ್ಕೇ ಅರ್ಧ ಎತ್ತಿದೆ."

"ಅಂದ್ರೆ ನೀನಾಗಿದ್ರೆ ಕಂಬ ತಗೋತಿದ್ದೆ."

"ಹೂಂ."

"ಕಂಬ ತಗೊಂಡ್ರೆ ಅದರ ತೂಕವೆಲ್ಲ ನಿಮ್ಮ ಮನೆ ಮೇಲೇ ಬೀಳತ್ತೆ ಅಂತ ಸಾಬರು ಹೇಳಿದ್ರು. ಮೇಲಿರೋ ನನಗಿಂತ ನಿಮಗೇ ಜಾಸ್ತಿ ಕೇಳತ್ತೆ."

ಪಾರಿ ನನ್ನ ಕಡೆ ತಿರುಗಲಿಲ್ಲ, ಪಕ್ಕದಿಂದ ಅವಳ ತುಟಿ ಕಂಡಿತು ಅಷ್ಟೇ. ಆದರೂ ಅವಳು ಆಡಿದ ಮಾತು ನನಗೂ ಸೇರಿದ್ದು ಅನ್ನಿಸಿತು. "ಬೀಳ್ಲಿ ಮೇಡಂ. ಹೇಗಿದ್ರೂ ಬೀಳತ್ತೆ. ಅರ್ಧಂಬರ್ಧ ಬೀಳೋ ಬದಲು ಪೂರ್ತಿ ಬೀಳ್ಲಿ. ನಮ್ಮಮ್ಮಂಗೆ ಮೂರು ತಂತಿ ಕೇಳಲ್ಲ, ನಾಲ್ಕನೇದು ಮಾತ್ರ ಗೊತ್ತಾಗತ್ತೆ."

ನಾನು ತಲೆ ತಗ್ಗಿಸಿ ಸೆರಗಿನ ಹಿಟ್ಟು ಕೊಡವಿದೆ. ಅವತ್ತು ರಜೆ, ಸೆರಗಿನಲ್ಲಿ ಹಿಟ್ಟೇ ಇರಲಿಲ್ಲ.

ಸಾಬರು ಕಂಬದಲ್ಲಿ ವೀಣೆಯನ್ನು ಇನ್ನೊಂದು ಸಲ ಹಾಕಿದರು. ಪಾರಿ ಮೇಡಂಗೆ ಕುರ್ಚಿ ಬಿಟ್ಟು ನೆಲಕ್ಕೆ ಬನ್ನಿ, ದಪ್ಪದ್ದು ನೆಲ ಹಿಡಿದೇ ಹೋಗುವುದು, ಬಾಗಿಲು ಹಾಕಿದರೆ ಹೊಸ್ತಿಲಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತದೆ ಅಂದಳು. ಮೇಡಂ ಸೀರೆ ಸುತ್ತಿಕೊಂಡು ಹೊಸ್ತಿಲ ಪಕ್ಕ ನೆಲದ ಮೇಲೆ ಕೂತರು, ಶಾಲೆಯ ಮಗುವಿನ ಹಾಗೆ. ವೀಣೆ ಕೆಳಗಿನ ಸ್ವರಕ್ಕೆ ಬಂದಾಗ ಅವರ ಬೆನ್ನು ನೆಟ್ಟಗಾಯಿತು. ನನಗೆ ಅವರ ಮುಖ ಕಾಣಲಿಲ್ಲ. ರೆಕಾರ್ಡು ಮುಗಿದ ಮೇಲೂ ಅವರು ಏಳಲಿಲ್ಲ. ಕೂತಲ್ಲಿಂದಲೇ ನಮ್ಮ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು, ಆದರೆ ಹೆಡ್ ಮೇಡಂ ಗತ್ತು ವಾಪಸು ಬಂದಿತ್ತು.

"ಪಾರಿಜಾತ. ಅವತ್ತು ಆಫೀಸಲ್ಲಿ ನಿನ್ನ ಹಿಂದೆ ನಿಂತು ನಾನು ಗುರುನಂಜಪ್ಪನವರ ಹತ್ರ ಒಂದು ಮಾತಂದೆ. ಅಷ್ಟು ಹತ್ರದಿಂದ. ಅದು ನಿನಗೆ ಕೇಳಿಸಿತ್ತು. ಅಲ್ವಾ?"

 ಹೂಂ ಅಂದರೆ ಮುಗಿಯಿತು, ಕಾಗದ ಹರಿಯಬಹುದು, ಮಗಳು ಮನೆಯಲ್ಲೇ ಉಳಿಯಬಹುದು. ಹೂಂ ಅನ್ನು ಮಗಳೇ ಎಂದು ನನ್ನ ಒಂದು ಮನಸ್ಸು ಬೇಡಿಕೊಂಡಿತು, ಸುಳ್ಳು ಹೇಳುವುದಿಲ್ಲ.

ಪಾರಿ ಅವತ್ತಿನ ಹಾಗೆಯೇ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಅವರ ಮುಖ ನೋಡಿದಳು.

"ಕೇಳಿಸಲಿಲ್ಲ, ಮೇಡಂ."

ಮೇಡಂ ಹುಬ್ಬು ಗಂಟಾಯಿತು. ತಿರುಪಿನ ಮೇಲೆ ತಿರುಪಿನಂತೆ ಅವರ ತಲೆಯಲ್ಲಿ ಏನೋ ಬಿಗಿಯಾಗುತ್ತಿತ್ತು, ಸರಿಯಾಗಿ ಕೂರುತ್ತಿರಲಿಲ್ಲ. ತಂತಿ ಸುತ್ತುತ್ತಿದ್ದ ಸಾಬರು ತಲೆ ಎತ್ತಿದರು.

"ಇವರ ಕೇರಿಯವರಿಗೆ ಯಾವತ್ತೂ ಏನೂ ಕೇಳಿಸಿಲ್ಲ ಮೇಡಂ. ನಮ್ಮಜ್ಜನ ಕಾಲದಿಂದಲೂ. ಅದಕ್ಕೇ ಈ ಊರಲ್ಲಿ ನಾವೆಲ್ಲ ಬಾಗಿಲು ತೆಗೆದಿಟ್ಟು ಮಲಗ್ತೀವಿ."

ಮೇಡಂ ಸಾಬರನ್ನು ನೋಡಿದರು, ಪಾರಿಯನ್ನು ನೋಡಿದರು, ತೆರೆದ ಕಿಟಕಿಯನ್ನು ನೋಡಿದರು. ನಾಲ್ಕು ವರ್ಷ ಆ ಮನೆಯಲ್ಲಿ ಒಬ್ಬರೇ ಇದ್ದು ಏನೇನು ಮಾತಾಡಿಕೊಂಡಿದ್ದರೋ, ಯಾರನ್ನು ಬೈದಿದ್ದರೋ, ಯಾರನ್ನು ನೆನೆದು ಅತ್ತಿದ್ದರೋ, ಅಷ್ಟೂ ಅವರ ಮುಖದ ಮೇಲೆ ಸಾಲಾಗಿ ಹಾದು ಹೋಯಿತು. ಕತ್ತು ಕೆಂಪಾಯಿತು. ಆಮೇಲೆ ಒಂದು ನಗು ಬಂತು, ಅವರು ತಡೆಯಲು ನೋಡಿದರು, ಆಗಲಿಲ್ಲ.

"ಮೂರನೇ ಸಲವೂ ಕೇಳಿದ್ರೆ?" ಎಂದರು ಪಾರಿಗೆ.

"ಕೇಳಿಸಲಿಲ್ಲ ಅಂತೀನಿ, ಮೇಡಂ."

"ಸರಿ. ನಾಳೆ ಶಾಲೆಗೆ ಹೊತ್ತಿಗೆ ಸರಿಯಾಗಿ ಬಾ. ಗಣಿತದ ಮೇಷ್ಟ್ರಿಗೆ ನಾನು ಹೇಳ್ತೀನಿ." ಎದ್ದು ಮೇಜಿನ ಹತ್ತಿರ ಹೋಗಿ, ಖಾನೆಯಿಂದ ಆಗಲೇ ಬರೆದಿಟ್ಟಿದ್ದ ವರ್ಗಾವಣೆ ಪತ್ರ ತೆಗೆದು ನಾಲ್ಕು ಮಡಿಕೆ ಮಾಡಿ ಹರಿದರು. ಬೇರೊಂದು ಕಾಗದ ತೆಗೆದರು, ಒಪ್ಪಿಗೆ ಚೀಟಿ. ತಂದವರು ಎಂಬ ಕಡೆ ತಮ್ಮ ಹೆಸರು ಬರೆದರು. ಸಾಮಾನು ಎಂಬ ಕಡೆ, ಕಂಬದ ಜೋಡಿ ಎಂದು ಬರೆದರು. ಮೂರನೇ ಸಾಲಿಗೆ ಬಂದು ಪೆನ್ನನ್ನು ಪಾರಿಯ ಕೈಗೆ ಕೊಟ್ಟರು. ನನಗಲ್ಲ, ಅವಳಿಗೆ.

ಅವಳು ನಾಲಿಗೆ ಕಚ್ಚಿಕೊಂಡು ಬರೆದಳು. ಕೇಳಿದವರು: ಪಾರಿಜಾತ, ಕೊನೆಮನೆ. ಕೊನೆಯ ತ ಒತ್ತಕ್ಷರದ ಹಾಗೆ ಸ್ವಲ್ಪ ಕೆಳಗೆ ಜಾರಿತ್ತು. ನನಗೆ ಅದಕ್ಕಿಂತ ಚೆಂದದ ಅಕ್ಷರ ಕಂಡು ಗೊತ್ತಿಲ್ಲ. ಆ ಚೀಟಿ ಈಗಲೂ ಸಾಬರ ಅಂಗಡಿಯ ಗೋಡೆಯ ಮೇಲಿದೆ. ಸ್ಪೀಕರ್ ಕೊಳ್ಳಲು ಬಂದವರು, ಯಾವ ಬೀದಿಯವರಾದರೂ, ಆ ಹುಡುಗಿ ಒಂದು ಸಲ ಬಂದು ಕೇಳ್ತಾಳಾ ಎಂದು ವಿಚಾರಿಸುತ್ತಾರೆ. ಪರೀಕ್ಷೆ ಮುಗೀಲಿ ಅಂತ ಸಾಬರು ಹೇಳುತ್ತಾರೆ.

ನಾವು ಮೆಟ್ಟಿಲಿಳಿದೆವು. ಇಳಿಯುವಾಗ ನನ್ನ ಮಂಡಿ ನೋಯಲೇ ಇಲ್ಲ. ಬಾಗಿಲಲ್ಲಿ ಸಣ್ಣಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಕಂಬ ಒಪ್ಪಿಬಿಟ್ಟು ಬಂದ್ಯೇನೇ? ನನ್ನ ಹಂಚು!" ಪಾರಿ ಅವಳ ಕೆನ್ನೆ ಹಿಂಡಿ, "ಹಂಚು ಹಾಡ್ತಾವೆ ಅಜ್ಜಿ" ಎಂದು ಒಳಗೆ ಓಡಿದಳು.

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಅಕ್ಕಿ ತೊಳೆದಿಟ್ಟು ಹೊಸ್ತಿಲ ಮೇಲೆ ಬಂದು ಕೂತೆ. ಒಂದು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಹೊರಗೆ ಬಂದೇಬಿಟ್ಟಿತು. ನಾನು ತಾಯಿ. ನನಗಾದರೂ ಹೇಳಬಾರದೇ?

"ಪಾರೀ, ಅವತ್ತು ಆಫೀಸಲ್ಲಿ, ನಮ್ಮ ಹಿಂದೆ, ಮೇಡಂ ಏನಂದ್ರೇ? ನನ್ನ ಬಗ್ಗೆನಾ?"

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಡಬ್ಬಿ ತೆಗೆದು, ಬೆಲ್ಲದ ಚೂರು ಮುರಿದು, ನನ್ನ ಬಾಯಿಗಿಟ್ಟಳು. ನಾನು ನೋಡಲಿ ಎಂದು ನನ್ನೆದುರಿಗೆ ಬಂದು ನಿಂತು, ತುಟಿಯನ್ನು ಸ್ಪಷ್ಟವಾಗಿ ತೆರೆದು ಹೇಳಿದಳು.

"ಕೇಳಿಸಲಿಲ್ಲಮ್ಮ."

ಬೆಲ್ಲ ಕರಗುವ ಮುಂಚೆ ಹೊಸ್ತಿಲ ಕಲ್ಲು ಗುರುಗುಟ್ಟತೊಡಗಿತು.